ಬಾಡಿಗೆಗೆ ಸರ್ಕಾರ ದುಡ್ಡು ಕೊಡ್ಬೇಕಾ ಅಂತ ಕೇಳೋರಿಗೆ: ಆಗ್ಲೇ ಕೊಡ್ತಿದೆ ಕಣ್ರೀ, ಯಾರಿಗೆ ಅಂತ ನೋಡಿ

ನಾನು ಕೆಲಸ ಮಾಡೋದು ಹಾಸನದ ಒಂದು ಆಡಿಟರ್ ಆಫೀಸಲ್ಲಿ. ಜಿಎಸ್‌ಟಿ ಫೈಲ್ ಮಾಡೋದು, ಟಿಡಿಎಸ್ ನೋಡೋದು, ಜುಲೈ ಬಂದ್ರೆ ಐಟಿ ರಿಟರ್ನ್ ಹಾಕೋದು, ಇಷ್ಟೇ ನನ್ನ ಪ್ರಪಂಚ. ಮೊದ್ಲೆಲ್ಲಾ ಜನವರಿಯಿಂದ ಮಾರ್ಚ್ ಕೊನೆ ತನಕ ನಮ್ಮಲ್ಲಿ ಬಾಡಿಗೆ ರಸೀದಿ ಸೀಸನ್ನು. ಸಂಬಳದೋರೆಲ್ಲಾ ಎಚ್‌ಆರ್‌ಎ, ಅಂದ್ರೆ ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆ, ಅದ್ರ ಮೇಲಿನ ಟ್ಯಾಕ್ಸ್ ವಿನಾಯಿತಿಗೆ ರಸೀದಿ ಹಿಡ್ಕೊಂಡು ಬರೋರು, ಇದು ಆಗುತ್ತಾ ನೋಡಮ್ಮ ಅಂತ. ಆ ರಸೀದಿಗಳಲ್ಲಿ ಒಂದು ವಿಚಿತ್ರ ಇತ್ತು, ಊರಲ್ಲಿ ಅರ್ಧ ಜನರ ಬಾಡಿಗೆ ಸರಿಯಾಗಿ 8,300 ರೂಪಾಯಿ. ಕೆ.ಆರ್. ಪುರಂನಲ್ಲಿ ದೊಡ್ಡ ಮನೆ ಆದ್ರೂ 8,300, ತಣ್ಣೀರುಹಳ್ಳದಲ್ಲಿ ಎರಡು ರೂಮ್ ಆದ್ರೂ 8,300. ಯಾಕೆ ಅಂದ್ರೆ ವರ್ಷದ ಬಾಡಿಗೆ 1 ಲಕ್ಷ ದಾಟಿದ್ರೆ ಓನರ್ ಪ್ಯಾನ್ ನಂಬರ್ ಕೊಡ್ಬೇಕು, 8,300 ಆದ್ರೆ 12 ತಿಂಗಳಿಗೆ 99,600, ಅಲ್ಲಿಗೆ ಬಚಾವು. ಹನ್ನೆರಡೂ ರಸೀದಿ ಒಂದೇ ದಿನ ಒಂದೇ ಪೆನ್ನಲ್ಲಿ ಬರ್ದಿರೋದು ನೋಡಿದ್ರೇ ಗೊತ್ತಾಗುತ್ತೆ, ಏಪ್ರಿಲ್ ರಸೀದಿಗೂ ಮಾರ್ಚ್ ರಸೀದಿಗೂ ಶಾಯಿ ಒಂದೇ ಥರ ಹರಡಿರುತ್ತೆ, ಕೆಳಗೆ ಒಂದು ರೂಪಾಯಿ ರೆವಿನ್ಯೂ ಸ್ಟಾಂಪು, ಅದ್ರ ಮೇಲೆ ಅಮ್ಮನದೋ ಮಾವನದೋ ಸೈನು. ಅಪ್ಪ ಅಮ್ಮಂಗೆ ನಿಜವಾಗ್ಲೂ ಬಾಡಿಗೆ ಕೊಟ್ರೆ, ಅವರು ಅದನ್ನ ಆದಾಯ ಅಂತ ತೋರ್ಸಿದ್ರೆ ಕಾನೂನಲ್ಲಿ ತಪ್ಪೇನೂ ಇಲ್ಲ, ಆದ್ರೆ ಎಷ್ಟು ಜನ ಕೊಡ್ತಾರೆ ಅನ್ನೋದು ನಿಮಗೂ ಗೊತ್ತು ನನಗೂ ಗೊತ್ತು.

ಈಗ ಆ ಸೀಸನ್ ಡಲ್ಲು. ಇನ್‌ಕಮ್ ಟ್ಯಾಕ್ಸಿನ ಹೊಸ ರೆಜೀಮಲ್ಲಿ, ಅಂದ್ರೆ ರೇಟೂ ಕಮ್ಮಿ ವಿನಾಯಿತಿನೂ ಕಮ್ಮಿ ಇರೋ ಹೊಸ ಪದ್ಧತಿಯಲ್ಲಿ, ಎಚ್‌ಆರ್‌ಎ ವಿನಾಯಿತಿನೇ ಇಲ್ಲ, ಅದ್ರ ಮೇಲೆ 2025ರ ಬಜೆಟ್‌ನಲ್ಲಿ 12 ಲಕ್ಷದ ತನಕ ಟ್ಯಾಕ್ಸೇ ಬೀಳದ ಹಾಗೆ ಮಾಡಿದ್ಮೇಲೆ ರಸೀದಿ ಯಾರಿಗೆ ಬೇಕು ಹೇಳಿ. ಆದ್ರೂ ಹಳೇ ರೆಜೀಮಲ್ಲೇ ಇರೋ ಕೆಲವ್ರು ಬರ್ತಾರೆ. ಅಂಥವ್ರಲ್ಲಿ ಒಬ್ಬ ಹಿರಿಯರು, ಸರ್ಕಾರಿ ಕೆಲಸದಲ್ಲಿರೋರು, ಒಳ್ಳೇ ಮನುಷ್ಯರೇ, ರಸೀದಿ ಟೇಬಲ್ ಮೇಲಿಟ್ಟು ಮಾತು ಶುರು ಮಾಡಿದ್ರು. ಈ ಗ್ಯಾರಂಟಿ ಸ್ಕೀಮ್ ಎಲ್ಲಾ ಬಿಟ್ಟಿ ಭಾಗ್ಯ ಕಣಮ್ಮ, ನಾವು ಕಟ್ಟಿದ ಟ್ಯಾಕ್ಸು ಹಂಚಿ ಹಾಳ್ ಮಾಡ್ತಾವ್ರೆ, ಹಿಂಗೇ ಬಿಟ್ರೆ ನಾಳೆ ಬಾಡಿಗೆ ಮನೆಯೋರಿಗೂ ಬಾಡಿಗೆ ಭಾಗ್ಯ ಅಂತ ತರ್ತಾರೆ ನೋಡು ಅಂದ್ರು. ಪಕ್ಕದಲ್ಲಿ ನಮ್ಮ ಆಫೀಸ್ ಗುಡಿಸೋಕೆ ಬರೋ ಅಕ್ಕ ನೆಲ ಒರೆಸ್ತಿದ್ರು. ನಾನೇನೂ ಹೇಳ್ಲಿಲ್ಲ, ಕ್ಲೈಂಟ್ ಹತ್ರ ವಾದ ಮಾಡಿದ್ರೆ ನಮ್ ಸಾರ್ ಬಿಡ್ತಾರಾ. ಆದ್ರೆ ಮನಸಲ್ಲಿ ಒಂದು ಲೆಕ್ಕ ಓಡ್ತಾ ಇತ್ತು, ಅದನ್ನ ಇಲ್ಲಿ ಬರೀತಿದೀನಿ.

ಲೆಕ್ಕ ಹೀಗೆ. 2024ರ ಆಗಸ್ಟಿಂದ ರಾಜ್ಯ ಸರ್ಕಾರಿ ನೌಕರರಿಗೆ 7ನೇ ವೇತನ ಆಯೋಗದ ಪ್ರಕಾರ ಮನೆ ಬಾಡಿಗೆ ಭತ್ಯೆ ದೊಡ್ಡ ಊರಲ್ಲಿ ಮೂಲ ವೇತನದ ಶೇ 20, ಅದಕ್ಕಿಂತ ಚಿಕ್ಕ ಊರಲ್ಲಿ ಶೇ 15, ನಮ್ಮ ಹಾಸನದಂಥ ಊರಲ್ಲಿ ಶೇ 7.5. ಬೇಸಿಕ್ 60,000 ಇರೋರಿಗೆ ತಿಂಗಳಿಗೆ 4,500. ಸ್ವಂತ ಮನೆಯಲ್ಲಿದ್ರೂ ಬರುತ್ತೆ, ಸರ್ಕಾರಿ ಕ್ವಾರ್ಟರ್ಸಲ್ಲಿ ಇರ್ಬಾರ್ದು ಅಷ್ಟೇ. ವರ್ಷಕ್ಕೆ 54,000. ನಮ್ಮ ಆ ಅಕ್ಕ ಕೊಡೋ ಬಾಡಿಗೆ ಎಷ್ಟು ಗೊತ್ತಾ? ತಿಂಗಳಿಗೆ 4,500. ಶೀಟ್ ಮನೆ, ಒಂದು ರೂಮು ಒಂದು ಅಡಿಗೆ ಮನೆ, ಬಾತ್‌ರೂಮ್ ಹೊರಗಡೆ ಇನ್ನೊಂದು ಸಂಸಾರದ ಜೊತೆ ಹಂಚ್ಕೊಳ್ಳೋದು. ಅವರ ಇಡೀ ಬಾಡಿಗೆಯಷ್ಟು ದುಡ್ಡು ಖಜಾನೆಯಿಂದ ಒಬ್ಬರಿಗೆ ಮನೆ ಖರ್ಚಿಗೆ ಅಂತ ಹೋಗುತ್ತೆ, ಅದಕ್ಕೆ ಯಾರೂ ಭಾಗ್ಯ ಅನ್ನಲ್ಲ, ಅಲೋಯನ್ಸ್ ಅಂತೀವಿ.

ಅದು ನಮ್ಮ ಸಂಬಳದ ಭಾಗ, ದುಡಿದು ತಗೊಳ್ಳೋದು ಅಂತ ನೀವು ಹೇಳ್ಬಹುದು. ಒಪ್ತೀನಿ. ನಮ್ಮನೆಯೋರ ಪೇಸ್ಲಿಪ್ಪಲ್ಲೂ ಎಚ್‌ಆರ್‌ಎ ಅಂತ ಒಂದು ಸಾಲಿದೆ, ಪ್ರೈವೇಟ್ ಕಂಪನಿ, ನಾವು ಅದನ್ನ ಬೇಡ ಅಂದಿಲ್ಲ. ಆದ್ರೆ ವಿನಾಯಿತಿ ಅನ್ನೋದು ಬೇರೆ ವಿಷಯ ಕಣ್ರೀ. ಸರ್ಕಾರಕ್ಕೆ ಬರ್ಬೇಕಾದ ಟ್ಯಾಕ್ಸನ್ನ ಸರ್ಕಾರ ಬಿಟ್ಕೊಡೋದು ಅಂದ್ರೆ ಖರ್ಚು ಮಾಡಿದ ಹಾಗೇನೇ, ಒಂದು ಕೈಯಲ್ಲಿ ತಗೊಂಡು ಇನ್ನೊಂದು ಕೈಯಲ್ಲಿ ಕೊಟ್ರೆ ಸಬ್ಸಿಡಿ, ತಗೊಳ್ಳದೇ ಬಿಟ್ರೆ ವಿನಾಯಿತಿ, ಎರಡೂ ಖಜಾನೆಗೆ ಒಂದೇ. ಎಚ್‌ಆರ್‌ಎ ಬರದೇ ಇರೋ ಬಾಡಿಗೆದಾರರಿಗೂ ಒಂದು ಕಡಿತ ಇದೆ, 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯಲ್ಲಿ 80ಜಿಜಿ ಅನ್ನೋ ಸೆಕ್ಷನ್, ಹಳೇ ರೆಜೀಮಲ್ಲಿ ಆದಾಯದಿಂದ ತಿಂಗಳಿಗೆ 5,000ದ ತನಕ ಕಳೀಬಹುದು. ಅಕ್ಕಂಗೆ ಇದು ಸಿಗುತ್ತಾ ಅಂದ್ರೆ ಸಿಗುತ್ತೆ, ಬೇಡ ಅಂದೋರು ಯಾರು, ಆದ್ರೆ ಟ್ಯಾಕ್ಸೇ ಇಲ್ಲದಷ್ಟು ಸಂಬಳ ಇರೋರಿಗೆ ಟ್ಯಾಕ್ಸ್ ವಿನಾಯಿತಿ ತಗೊಂಡು ಏನ್ ಮಾಡ್ಬೇಕು, ಬೋಳುತಲೆಗೆ ಬಾಚಣಿಗೆ ಕೊಟ್ಟ ಹಾಗೆ. ಸಂಬಳ ಜಾಸ್ತಿ ಆದಷ್ಟೂ ಸಹಾಯ ಜಾಸ್ತಿ, ಇದು ಈ ವಿನಾಯಿತಿಗಳ ಸ್ವಭಾವ.

ಹೋಗ್ಲಿ, ಬಡವರಿಗೆ ಅಂತ ವಸತಿ ಯೋಜನೆ ಇದಾವಲ್ಲ ಅಂತೀರಾ. ಇದಾವೆ, ಬೇಕಾದಷ್ಟಿದಾವೆ. ಬಸವ ವಸತಿ, ಅಂಬೇಡ್ಕರ್ ನಿವಾಸ, ಪ್ರಧಾನಮಂತ್ರಿ ಆವಾಸ್. ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಒಂದು ಮಾತು ಒಳಗೇ ಕೂತಿದೆ, ನಿಮ್ಮ ಹತ್ರ ಸೈಟ್ ಇರ್ಬೇಕು, ಇಲ್ಲಾ ಸರ್ಕಾರ ಸೈಟ್ ಕೊಟ್ಟಿರ್ಬೇಕು, ಇಲ್ಲಾ ಅಪಾರ್ಟ್‌ಮೆಂಟಲ್ಲಿ ನಿಮ್ಮ ಪಾಲಿನ ದುಡ್ಡು ಕಟ್ಟೋಕೆ ತಾಕತ್ತಿರ್ಬೇಕು. ಹಕ್ಕುಪತ್ರ ಕೈಯಲ್ಲಿದ್ರೆ ಕಂತು ಕಂತಾಗಿ ದುಡ್ಡು ಬರುತ್ತೆ, ಫೌಂಡೇಶನ್‌ಗೆ ಒಂದು ಫೋಟೋ, ಲಿಂಟಲ್‌ಗೆ ಒಂದು ಫೋಟೋ, ಆರ್‌ಸಿಸಿಗೆ ಒಂದು. ಅಕ್ಕಂಗೆ ಹಾಸನದಲ್ಲಿ ಸೈಟ್ ಇಲ್ಲ. ಅರಕಲಗೂಡು ಕಡೆ ಅವರ ಗಂಡನ ಊರು, ಅಲ್ಲಿರೋ ಜಾಗ ಭಾವನ ಹೆಸ್ರಲ್ಲಿ, ಪಾಲು ಆಗಿಲ್ಲ, ಆಗೋದೂ ಇಲ್ಲ, ಆದ್ರೂ ಅಲ್ಲಿ ಮನೆ ಕಟ್ಕೊಂಡು ಏನ್ ಮಾಡ್ತಾರೆ, ಕೆಲಸ ಇರೋದು ಇಲ್ಲಿ, ಮಗ ಐಟಿಐ ಓದ್ತಿರೋದು ಇಲ್ಲಿ. ನಮ್ಮ ಸರ್ಕಾರಗಳ ತಲೇಲಿ, ಯಾವ ಪಾರ್ಟಿ ಆದ್ರೂ ಅಷ್ಟೇ, ಮನೆ ಅಂದ್ರೆ ಸ್ವಂತ ಮನೆ. ಬಾಡಿಗೆಯಲ್ಲಿರೋದು ಒಂದು ತಾತ್ಕಾಲಿಕ ಅವಸ್ಥೆ, ಇವತ್ತಲ್ಲ ನಾಳೆ ಮುಗಿಯುತ್ತೆ ಅನ್ನೋ ಥರ. 2011ರ ಜನಗಣತಿಯಲ್ಲೇ ದೇಶದ ಪಟ್ಟಣಗಳಲ್ಲಿ ನೂರಕ್ಕೆ 27 ಸಂಸಾರ ಬಾಡಿಗೆಯಲ್ಲಿದ್ವು, ಅದೇ ಗಣತಿಯಲ್ಲಿ ಪಟ್ಟಣಗಳಲ್ಲಿ 1 ಕೋಟಿಗೂ ಮೇಲೆ ಮನೆ ಖಾಲಿ ಬೀಗ ಹಾಕ್ಕೊಂಡಿದ್ವು.

ಬಾಡಿಗೆ ಮನೆ ಬಗ್ಗೆ ಕೇಂದ್ರಕ್ಕೆ ಜ್ಞಾನೋದಯ ಆಗಿದ್ದು ಕೊರೋನಾ ಲಾಕ್‌ಡೌನಲ್ಲಿ, ಕೂಲಿ ಮಾಡೋರು ಹೈವೇನಲ್ಲಿ ನಡ್ಕೊಂಡು ಊರಿಗೆ ಹೊರಟಿದ್ದನ್ನ ಇಡೀ ದೇಶ ನೋಡಿದ್ಮೇಲೆ. 2020ರಲ್ಲಿ ಕಮ್ಮಿ ಬಾಡಿಗೆ ಮನೆಗಳ ಒಂದು ಯೋಜನೆ ತಂದ್ರು, ಸರ್ಕಾರದ ದುಡ್ಡಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಮನೆಗಳನ್ನ ರಿಪೇರಿ ಮಾಡಿ ಬಾಡಿಗೆಗೆ ಕೊಡೋದು, ಇಲ್ಲಾ ಫ್ಯಾಕ್ಟರಿಯೋರೋ ಪ್ರೈವೇಟ್‌ನೋರೋ ತಮ್ಮ ಜಾಗದಲ್ಲಿ ಕಟ್ಟೋದು. 2024ರ ಆವಾಸ್ 2.0ದಲ್ಲೂ ಬಾಡಿಗೆ ಮನೆಗೆ ಅಂತ ಒಂದು ಭಾಗ ಇಟ್ಟಿದಾರೆ. ಕಾಗದದಲ್ಲಿ ಚೆನ್ನಾಗೇ ಇದೆ. ಆದ್ರೆ ನಮ್ಮ ಇಂಡಸ್ಟ್ರಿಯಲ್ ಏರಿಯಾ ಸುತ್ತ ಬಿಹಾರ ಒಡಿಶಾ ಹುಡುಗ್ರು ಇರೋ ರೂಮ್ ಒಂದ್ಸಲ ನೋಡ್ಬಿಟ್ರೆ ಆ ಕಾಗದ ಎಷ್ಟು ದೂರದಲ್ಲಿದೆ ಅಂತ ಗೊತ್ತಾಗುತ್ತೆ, ಶಿಫ್ಟ್ ಮೇಲೆ ಮಲಗ್ತಾರೆ, ಡೇ ಶಿಫ್ಟ್‌ನೋರು ಎದ್ದು ಹೋದ ಚಾಪೆ ಮೇಲೆ ನೈಟ್ ಶಿಫ್ಟ್‌ನೋರು.

ಹಾಗಾದ್ರೆ ಬಾಡಿಗೆ ಭಾಗ್ಯ ಕೊಟ್ಬಿಡೋಣ್ವಾ? ಇಲ್ಲಿ ನನಗೆ ಅನುಮಾನ ಶುರುವಾಗುತ್ತೆ. ಯಾಕಂದ್ರೆ ಅದನ್ನ ನಲವತ್ತು ವರ್ಷದಿಂದ ಕೊಡ್ತಿರೋ ದೇಶ ಇದೆ. ನಮ್ಮ ಚಿಕ್ಕಪ್ಪನ ಮಗಳು ಇಂಗ್ಲೆಂಡಲ್ಲಿ ನರ್ಸು. ಅವಳಿಗೆ ಇದು ಸಿಗಲ್ಲ, ವೀಸಾದಲ್ಲೇ ಸರ್ಕಾರಿ ಸಹಾಯಧನ ತಗೊಳ್ಳೋ ಹಾಗಿಲ್ಲ ಅಂತ ಬರ್ದಿರುತ್ತೆ, ಟ್ಯಾಕ್ಸ್ ಮಾತ್ರ ಪೂರ್ತಿ ಕಟ್ಬೇಕು. ಅವಳ ಜೊತೆ ಕೆಲಸ ಮಾಡೋ ಅಲ್ಲಿಯೋರಿಗೆ ಸಿಗುತ್ತೆ, ಫೋನ್ ಮಾಡಿದಾಗೆಲ್ಲಾ ಅದನ್ನೇ ಹೇಳಿ ಉರ್ಕೊಳ್ತಾಳೆ. ಅವಳಿಂದ ಕೇಳಿ ಆಮೇಲೆ ನಾನೇ ಕೂತ್ಕೊಂಡು ಓದಿದೆ.

ಅಲ್ಲಿನ ಕಥೆ ಏನಂದ್ರೆ, ಮೊದ್ಲು ಮುನಿಸಿಪಾಲಿಟಿಗಳೇ ಮನೆ ಕಟ್ಟಿ ಕಮ್ಮಿ ಬಾಡಿಗೆಗೆ ಕೊಡ್ತಿದ್ವು. ಕೌನ್ಸಿಲ್ ಮನೆ ಅಂತಾರೆ. 1980ರಲ್ಲಿ ಥ್ಯಾಚರ್ ಸರ್ಕಾರ ಕಾನೂನು ಮಾಡಿ, ಆ ಮನೇಲಿ ಬಾಡಿಗೆಗಿರೋರೇ ಡಿಸ್ಕೌಂಟಲ್ಲಿ ಕೊಂಡ್ಕೋಬಹುದು ಅಂದ್ರು. ಜನ ಖುಷಿಯಾಗಿ ಕೊಂಡ್ಕೊಂಡ್ರು, ಮಾರಿದಷ್ಟು ಹೊಸದಾಗಿ ಕಟ್ಟಲಿಲ್ಲ. ಅದೇ ಹೊತ್ತಿಗೆ, 1982-83ರಲ್ಲಿ, ಬಡ ಬಾಡಿಗೆದಾರರಿಗೆ ಹೌಸಿಂಗ್ ಬೆನಿಫಿಟ್ ಅಂತ ಬಂತು, ಈಗ ಬಹುಪಾಲು ಅದು ಯೂನಿವರ್ಸಲ್ ಕ್ರೆಡಿಟ್ ಅನ್ನೋ ಒಟ್ಟು ಸಹಾಯಧನದ ಒಳಗೆ ಸೇರಿದೆ. ಕೌನ್ಸಿಲ್ ಮನೆ ಕಮ್ಮಿ ಆದಂಗೆ ಜನ ಪ್ರೈವೇಟ್ ಓನರ್‌ಗಳ ಮನೆಗೆ ಬಂದ್ರು, ಬಾಡಿಗೆ ಏರ್ತು, ಬಾಡಿಗೆ ಏರಿದಂಗೆ ಸರ್ಕಾರದ ಬಿಲ್ಲೂ ಏರ್ತು. ಈಗ ವರ್ಷಕ್ಕೆ ಸುಮಾರು 30 ಬಿಲಿಯನ್ ಪೌಂಡ್ ಇದಕ್ಕೇ ಹೋಗುತ್ತೆ. ನಮ್ಮ ದುಡ್ಡಲ್ಲಿ 3 ಲಕ್ಷ ಕೋಟಿಗೂ ಮೇಲೆ. ಕರ್ನಾಟಕದ 2024-25ರ ಇಡೀ ಬಜೆಟ್ಟೇ 3.71 ಲಕ್ಷ ಕೋಟಿ, ನಾವು ಬಾಯಿ ಬಡ್ಕೊಳ್ಳೋ ಐದೂ ಗ್ಯಾರಂಟಿ ಸೇರಿ 52,000 ಕೋಟಿ. ಅಂದ್ರೆ ಒಂದು ದೇಶ ಬರೀ ಬಾಡಿಗೆ ಸಹಾಯಕ್ಕೆ ನಮ್ಮ ಎಲ್ಲಾ ಗ್ಯಾರಂಟಿಯ ಆರರಷ್ಟು ಖರ್ಚು ಮಾಡ್ತಿದೆ, ಅಷ್ಟಾದ್ರೂ ಅಲ್ಲಿ ಮನೆ ಸಿಗದೇ ಒದ್ದಾಡೋರು ಕಮ್ಮಿ ಆಗಿಲ್ಲ.

ಬಿಲ್ ಏರಿದಾಗ ಅವ್ರು ಏನ್ ಮಾಡಿದ್ರು ಅನ್ನೋದು ಇನ್ನೂ ಸ್ವಾರಸ್ಯ. ಪ್ರೈವೇಟ್ ಬಾಡಿಗೆಗೆ ಎಷ್ಟು ಸಹಾಯ ಅಂತ ಲೆಕ್ಕ ಹಾಕೋಕೆ ಆ ಏರಿಯಾದ ಬಾಡಿಗೆಗಳನ್ನೆಲ್ಲಾ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಜೋಡಿಸ್ತಾರೆ. 2008ರಲ್ಲಿ ಸಾಲಿನ ಸರಿಯಾಗಿ ಮಧ್ಯದ ಬಾಡಿಗೆ ತನಕ ಕೊಡ್ತಿದ್ರು, 2011ರಲ್ಲಿ ನೂರರಲ್ಲಿ ಮೂವತ್ತನೇ ಸ್ಥಾನಕ್ಕೆ ಇಳಿಸಿದ್ರು, ಅಂದ್ರೆ ಊರಿನ ಅತಿ ಅಗ್ಗದ ನೂರಕ್ಕೆ ಮೂವತ್ತು ಮನೆಗೆ ಮಾತ್ರ ಅದು ಸಾಕಾಗೋದು. ಆಮೇಲೆ 2016ರಿಂದ ನಾಲ್ಕು ವರ್ಷ ಆ ರೇಟನ್ನೇ ಫ್ರೀಜ್ ಮಾಡಿದ್ರು. ಬಾಡಿಗೆ ಮಾತ್ರ ಫ್ರೀಜ್ ಆಗ್ಲಿಲ್ಲ ಅಲ್ವಾ, ವ್ಯತ್ಯಾಸ ಜನ ಊಟದ ದುಡ್ಡಲ್ಲಿ ತುಂಬಿದ್ರು. 2013ರಲ್ಲಿ ಇನ್ನೊಂದು ತಂದ್ರು, ಸರ್ಕಾರಿ ಬಾಡಿಗೆ ಮನೇಲಿ ಒಂದು ಬೆಡ್‌ರೂಮ್ ಜಾಸ್ತಿ ಇದ್ರೆ ಲೆಕ್ಕಕ್ಕೆ ಹಿಡಿಯೋ ಬಾಡಿಗೆಯಲ್ಲಿ ಶೇ 14 ಕಟ್, ಎರಡಿದ್ರೆ ಶೇ 25 ಕಟ್. ಜನ ಅದನ್ನ ಬೆಡ್‌ರೂಮ್ ಟ್ಯಾಕ್ಸ್ ಅಂತ ಕರೆದ್ರು. ಮಗಳು ಮದುವೆಯಾಗಿ ಹೋದ್ಮೇಲೆ ಖಾಲಿಯಾದ ರೂಮಿಗೆ ದಂಡ. ನಮ್ಮಲ್ಲಿ ಇಂಥ ರೂಲ್ ಬಂದ್ರೆ ಹಬ್ಬಕ್ಕೆ ಬರೋ ಮಗಳು ಅಳಿಯನ್ನ ಎಲ್ಲಿ ಮಲಗಿಸ್ತೀರಿ ಅಂತ ವಿಧಾನಸೌಧದ ಮುಂದೆ ಧರಣಿ ಆಗ್ತಿತ್ತು.

ಅಮೆರಿಕದಲ್ಲಿ 1974ರಿಂದ ಇನ್ನೊಂಥರ, ಬಾಡಿಗೆದಾರರು ಆದಾಯದ ಸುಮಾರು ಶೇ 30 ಕೊಟ್ರೆ ಮಿಕ್ಕಿದ್ದನ್ನ ಒಂದು ಮಿತಿ ತನಕ ಸರ್ಕಾರ ಓನರ್‌ಗೆ ಕೊಡುತ್ತೆ. ಕೇಳೋಕೆ ಚಂದ, ಆದ್ರೆ ಅರ್ಹತೆ ಇರೋ ನಾಲ್ಕು ಸಂಸಾರದಲ್ಲಿ ಒಂದಕ್ಕೆ ಮಾತ್ರ ಇಂಥ ಸಹಾಯ ಸಿಗೋದು, ದುಡ್ಡು ಅಷ್ಟೇ ಇಟ್ಟಿರೋದು, ಉಳಿದೋರು ವೇಟಿಂಗ್ ಲಿಸ್ಟಲ್ಲಿ.

ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಸಿದ್ದು ಫ್ರಾನ್ಸಿಂದು. ಅಲ್ಲಿ ಗೇಬ್ರಿಯೆಲ್ ಫಾಕ್ ಅನ್ನೋ ಅರ್ಥಶಾಸ್ತ್ರಜ್ಞೆ ಬಾಡಿಗೆ ಸಹಾಯಧನ ಜಾಸ್ತಿ ಮಾಡಿದಾಗ ಏನಾಯ್ತು ಅಂತ ಲೆಕ್ಕ ಹಾಕಿ 2006ರಲ್ಲಿ ಪ್ರಕಟ ಮಾಡಿದ್ರು. ಸರ್ಕಾರ ಹೆಚ್ಚಿಗೆ ಕೊಟ್ಟ ಪ್ರತಿ 1 ಯೂರೋದಲ್ಲಿ 78 ಸೆಂಟ್ ಬಾಡಿಗೆ ಏರಿಕೆಯಾಗಿ ಓನರ್ ಜೇಬಿಗೆ ಹೋಗಿತ್ತಂತೆ. ಓದಿದಾಗ ನನಗೆ ಆಶ್ಚರ್ಯ ಆಗ್ಲಿಲ್ಲ, ಯಾಕಂದ್ರೆ ಇದನ್ನ ನಾವು ಹಾಸನದಲ್ಲೇ ಸಣ್ಣ ಪ್ರಮಾಣದಲ್ಲಿ ನೋಡಿದೀವಿ. ಗೃಹಜ್ಯೋತಿ ಬಂತಲ್ಲ 2023ರ ಜುಲೈನಲ್ಲಿ, 200 ಯೂನಿಟ್ ತನಕ ಕರೆಂಟ್ ಫ್ರೀ. ಆ ಸ್ಕೀಮಿಗೆ ಒಂದು ಮೆಚ್ಚುಗೆ ಹೇಳ್ಲೇಬೇಕು, ಬಾಡಿಗೆದಾರರೂ ಮನುಷ್ಯರು ಅಂತ ಲೆಕ್ಕಕ್ಕೆ ತಗೊಂಡ ಸ್ಕೀಮು ಅದು, ಕರೆಂಟ್ ಬಿಲ್ಲಲ್ಲಿರೋ ಆರ್‌ಆರ್ ನಂಬರ್‌ಗೆ ನಿಮ್ಮ ಆಧಾರ್ ಲಿಂಕ್ ಮಾಡಿದ್ರೆ ಆಯ್ತು, ಮನೆ ಖಾಲಿ ಮಾಡಿದ್ರೆ ಡಿಲಿಂಕ್ ಮಾಡಿ ಹೊಸ ಮನೇಲಿ ಮತ್ತೆ ಹಾಕ್ಬಹುದು. ಪ್ರತ್ಯೇಕ ಮೀಟರ್ ಇರೋ ಮನೆಗೆ ಇದು ನಿಜವಾಗ್ಲೂ ತಲುಪಿತು, ಚೆಸ್ಕಾಂ ಬಿಲ್ ಸೊನ್ನೆ. ಆದ್ರೆ ಒಂದು ಮೀಟರಲ್ಲಿ ಮೂರು ಪೋರ್ಷನ್ ಇರೋ ಕಡೆ? ನಾವು ಮೊದ್ಲಿದ್ದ ಮನೇಲಿ ಮೀಟರ್ ಒಂದೇ, ಮಿಕ್ಕಿದ್ದೆಲ್ಲಾ ಸಬ್ ಮೀಟರು. ಓನರಮ್ಮ ತಮ್ಮ ಆಧಾರ್ ಲಿಂಕ್ ಮಾಡ್ಕೊಂಡ್ರು, ನಮ್ಮ ಹತ್ರ ಯೂನಿಟ್ ಲೆಕ್ಕದಲ್ಲಿ ಮೊದ್ಲಿನ ಹಾಗೇ ವಸೂಲಿ. ಕೇಳಿದ್ದಕ್ಕೆ, ಮೀಟರ್ ನಮ್ದು ಅಲ್ವಾಮ್ಮ ಅಂದ್ರು. ಇನ್ನೊಬ್ಬ ಓನರು ಹೇಗೂ ನಿಮಗೆ ಕರೆಂಟ್ ಉಳೀತಲ್ಲ ಅಂತ ಬಾಡಿಗೆನೇ 500 ಏರಿಸಿದ್ರು, ಅದು ನಮ್ಮ ಆಫೀಸ್ ಹುಡುಗನ ಕಥೆ. ಬಾಡಿಗೆದಾರನ ಜೇಬಿಗೆ ನೇರವಾಗಿ ಹಾಕಿದ ದುಡ್ಡಿನ ವಾಸನೆ ಓನರ್‌ಗೆ ಮೊದಲು ಬರುತ್ತೆ.

ಹಂಗಂತ ಎಲ್ಲಾ ಓನರ್‌ಗಳು ರಾಕ್ಷಸರು ಅಂತ ನಾನು ಹೇಳ್ತಿಲ್ಲ. ಹಾಸನದಲ್ಲಿ ಓನರ್ ಅಂದ್ರೆ ಯಾರು, 30-40 ಸೈಟಲ್ಲಿ ಕೆಳಗೆ ತಾವಿದ್ದು ಮೇಲೆ ಎರಡು ಪೋರ್ಷನ್ ಕಟ್ಟಿಸಿರೋ ರಿಟೈರ್ಡ್ ಮೇಷ್ಟ್ರು, ಗಂಡ ಹೋದ್ಮೇಲೆ ಆ ಬಾಡಿಗೆಯಲ್ಲೇ ಮಾತ್ರೆ ತಗೊಳ್ಳೋ ಅಜ್ಜಿ. ಅವರಿಗೂ ಭಯ ಇದೆ. 12 ವರ್ಷ ಇದ್ರೆ ಮನೆ ಅವರದೇ ಆಗೋಗುತ್ತೆ ಅಂತ ಯಾರೋ ಹೇಳಿರ್ತಾರೆ, ಅಗ್ರಿಮೆಂಟ್ ಮಾಡ್ಕೊಂಡು ಬಾಡಿಗೆ ಕೊಡ್ತಿರೋನಿಗೆ ಆ ಕಾನೂನು ಅನ್ವಯ ಆಗಲ್ಲ ಅಂದ್ರೂ ನಂಬಲ್ಲ. ಅದಕ್ಕೇ 11 ತಿಂಗಳ ಅಗ್ರಿಮೆಂಟು, ವರ್ಷ ದಾಟಿದ್ರೆ ರಿಜಿಸ್ಟರ್ ಮಾಡಿಸ್ಬೇಕಲ್ಲ. ಅದ್ರಲ್ಲೂ ಬರೆಯೋ ಬಾಡಿಗೆ ಒಂದು, ಕೊಡೋ ಬಾಡಿಗೆ ಇನ್ನೊಂದು. ಅಡ್ವಾನ್ಸ್ 50,000 ತಗೊಂಡು ಅಗ್ರಿಮೆಂಟಲ್ಲಿ 10,000 ಅಂತ ಹಾಕಿಸ್ತಾರೆ. ಅಕ್ಕನ ಶೀಟ್ ಮನೆಗಂತೂ ಅಗ್ರಿಮೆಂಟೇ ಇಲ್ಲ, ಎಲ್ಲಾ ಬಾಯ್ಮಾತು. ಈಗ ಯೋಚ್ನೆ ಮಾಡಿ, ಸರ್ಕಾರ ನಾಳೆ ಬಾಡಿಗೆ ಭತ್ಯೆ ಘೋಷಣೆ ಮಾಡಿದ್ರೆ ಮೊದಲು ಕೇಳೋದೇ ಬಾಡಿಗೆ ಕರಾರು ಪತ್ರ. ಅದನ್ನ ತಂದು ಕೊಡೋದು ಯಾರು? ನಮ್ಮ ಆಫೀಸಿಗೆ 8,300ರ ರಸೀದಿ ತರ್ತಿದ್ದೋರೇ.

ಹಾಗಾಗಿ ನನ್ನ ಅಭಿಪ್ರಾಯ, ತಿಂಗಳ ಬಾಡಿಗೆಗೆ ದುಡ್ಡು ಕೊಡೋದು ಬೇಡ. ನಮ್ಮಂಥ ಊರಲ್ಲಿ ಬಡವರ ಕುತ್ತಿಗೆ ಹಿಡಿಯೋದು ತಿಂಗಳ ಬಾಡಿಗೆಗಿಂತ ಮೊದಲು ಆ ಅಡ್ವಾನ್ಸು. ಅಕ್ಕನೇ ಹೇಳಿದ್ದು ಒಂದಿನ ಟೀ ಕುಡೀತಾ, "ಬಾಡಿಗೆ ಹೆಂಗೋ ತಿಂಗ್ಳು ತಿಂಗ್ಳು ಕಟ್ಬುಡ್ತೀನಿ ಕಣವ್ವ, ಅಡ್ವಾನ್ಸ್ ಅಂತ ಒಂದೇ ಸಲಿ ಮೂವತ್ತು ಸಾವ್ರ ಕೇಳ್ತಾರಲ್ಲ, ಅದುಕ್ಕೇ ಓಲೆ ಇಟ್ಟಿದ್ದು, ಇನ್ನೂ ಬಿಡುಸ್ಕಂಡಿಲ್ಲ." ಓಲೆ ಅಡವಿಟ್ಟ ಬಡ್ಡಿ ಅವರು ಕಟ್ತಿದಾರೆ, ಅದೇ 30,000 ಓನರ್ ಹತ್ರ ಬಡ್ಡಿಯಿಲ್ಲದೆ ಕೂತಿದೆ. ಅಂದ್ರೆ ಅವರ ನಿಜವಾದ ಬಾಡಿಗೆ 4,500 ಅಲ್ಲ, ಅದ್ರ ಜೊತೆ ಪ್ರತಿ ತಿಂಗಳು ಗಿರವಿ ಅಂಗಡಿ ಬಡ್ಡಿ ಬೇರೆ. ಆ ಮನೆ ಸೋರುತ್ತೆ, ಬೇರೆ ಮನೆ ನೋಡ್ಕೊಳ್ಳೋಣ ಅಂದ್ರೆ ಹಳೇ ಓನರು ಅಡ್ವಾನ್ಸ್ ಹಿಂದಕ್ಕೆ ಕೊಡೋದು ಮನೆ ಖಾಲಿ ಮಾಡಿದ್ಮೇಲೆ, ಹೊಸ ಓನರು ಕೇಳೋದು ಕೀ ಕೊಡೋಕೆ ಮುಂಚೆ. ಮಧ್ಯದಲ್ಲಿ ಇನ್ನೊಂದು 30,000 ಎಲ್ಲಿಂದ ತರೋದು. ಅದಕ್ಕೇ ಸೋರೋ ಮನೇಲೇ ಇದಾರೆ, ಪಾತ್ರೆ ಇಟ್ಕೊಂಡು.

ದುಡ್ಡಿದ್ದೋರಿಗೆ ನೋಡಿ, ಇದೇ ಅಡ್ವಾನ್ಸ್ ಲಾಭದ ದಾರಿ. ಭೋಗ್ಯಕ್ಕೆ ಮನೆ ತಗೊಳ್ತಾರಲ್ಲ, ಐದಾರು ಲಕ್ಷ ಒಂದೇ ಸಲ ಓನರ್‌ಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯೇ ಇಲ್ಲದೆ ಇರೋದು, ಬಿಡುವಾಗ ಪೂರ್ತಿ ಅಸಲು ವಾಪಸ್. ಐದು ಲಕ್ಷ ಇದ್ದೋನು ಬಾಡಿಗೆ ಕಟ್ಟಲ್ಲ, ಮೂವತ್ತು ಸಾವಿರ ಇಲ್ಲದೋಳು ಬಾಡಿಗೆಯನ್ನೂ ಕಟ್ತಾಳೆ ಬಡ್ಡಿಯನ್ನೂ ಕಟ್ತಾಳೆ.

ಇಂಗ್ಲೆಂಡಿಂದ ಕಲಿಯೋದಿದ್ರೆ ಇದನ್ನ ಕಲೀಬಹುದು. ಅಲ್ಲಿ 2007ರಿಂದ ಅಡ್ವಾನ್ಸ್ ದುಡ್ಡನ್ನ ಸರ್ಕಾರ ಒಪ್ಪಿರೋ ಒಂದು ಸ್ಕೀಮಿನ ರಕ್ಷಣೆಯಲ್ಲೇ ಇಡ್ಬೇಕು, ಖಾಲಿ ಮಾಡುವಾಗ ಜಗಳ ಬಂದು ಇಬ್ಬರೂ ಒಪ್ಪಿದ್ರೆ ಆ ಸ್ಕೀಮಿನೋರೇ ತೀರ್ಮಾನ ಮಾಡ್ತಾರೆ. 2019ರಿಂದ ಸಾಮಾನ್ಯ ಮನೆಗೆಲ್ಲಾ ಅಡ್ವಾನ್ಸ್ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ. ಎಷ್ಟೋ ಕಡೆ ಕೌನ್ಸಿಲ್‌ಗಳು ಬಡವರ ಪರವಾಗಿ ಓನರ್‌ಗೆ ದುಡ್ಡಿನ ಬದಲು ಒಂದು ಬಾಂಡ್ ಕೊಡ್ತವೆ, ಇವರು ಮನೆ ಹಾಳ್ ಮಾಡಿದ್ರೆ ಇಲ್ಲಾ ಬಾಡಿಗೆ ಬಾಕಿ ಇಟ್ರೆ ಇಷ್ಟರ ತನಕ ನಾವು ಜವಾಬ್ದಾರಿ ಅಂತ. ದುಡ್ಡು ಕೈ ಬದಲಾಯಿಸೋದು ಗಲಾಟೆ ಆದಾಗ ಮಾತ್ರ. ನಮ್ಮಲ್ಲೂ ಕೇಂದ್ರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ಮಾಡಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೋಬಾರ್ದು ಅಂತ ಬರೆದಿದೆ, ಆದ್ರೆ ಮಾದರಿ ಅಂದ್ರೆ ಮಾದರಿ ಅಷ್ಟೇ, ರಾಜ್ಯಗಳು ತಮ್ಮ ಕಾನೂನು ಮಾಡ್ಕೊಂಡ್ರೆ ಉಂಟು ಇಲ್ಲಾಂದ್ರೆ ಇಲ್ಲ. ಹೊಸಲೈನ್ ರೋಡಲ್ಲಿ ಟು-ಲೆಟ್ ಬೋರ್ಡ್ ಹಾಕಿರೋರ ಹತ್ರ ಹೋಗಿ ಎರಡು ತಿಂಗಳ ಅಡ್ವಾನ್ಸ್ ಕೊಡ್ತೀವಿ ಅಂದ್ರೆ ಬಾಗ್ಲು ಹಾಕ್ಕೊಂಡ್ಬಿಡ್ತಾರೆ.

ಅಡ್ವಾನ್ಸಿಗೆ ಸರ್ಕಾರ ಗ್ಯಾರಂಟಿ ನಿಲ್ಲೋದ್ರಲ್ಲಿ ಇನ್ನೊಂದು ಅನುಕೂಲ ಇದೆ, ಇದು ನಮ್ಮ ಆಡಿಟ್ ಬುದ್ಧಿಗೆ ಹೊಳೆದದ್ದು. ಗ್ಯಾರಂಟಿ ಬೇಕು ಅಂದ್ರೆ ಅಗ್ರಿಮೆಂಟ್ ಬೇಕು, ಅದ್ರಲ್ಲಿ ನಿಜವಾದ ಬಾಡಿಗೆ ಇರ್ಬೇಕು. ಓನರ್‌ಗೂ ಅದ್ರಲ್ಲಿ ಲಾಭ ಇರೋದ್ರಿಂದ ಸೈನ್ ಹಾಕ್ತಾರೆ, ಬಾಡಿಗೆ ಬಾಕಿ ಬಿದ್ರೆ ಸರ್ಕಾರ ಕೊಡುತ್ತಲ್ಲ. ಹಂಗೆ ಒಂದಷ್ಟು ವರ್ಷ ನಡೆದ್ರೆ ಈ ಊರಲ್ಲಿ ಯಾರು ಯಾವ ಮನೇಲಿ ಎಷ್ಟು ಬಾಡಿಗೆಗಿದಾರೆ ಅಂತ ಒಂದು ಲೆಕ್ಕ ಸಿಗುತ್ತೆ, ಈಗ ಅದು ಯಾರ ಹತ್ರಾನೂ ಇಲ್ಲ. ತಿಂಗಳ ಭತ್ಯೆ ಕೊಟ್ರೆ ಬಾಡಿಗೆ ಏರುತ್ತೆ, ಅಡ್ವಾನ್ಸ್ ಬಾಂಡ್ ಕೊಟ್ರೆ ಬಾಡಿಗೆ ಏರಿಸೋಕೆ ಓನರ್‌ಗೆ ಹೊಸ ಕಾರಣ ಸಿಗಲ್ಲ, ಯಾಕಂದ್ರೆ ಬಾಡಿಗೆದಾರನ ಜೇಬಲ್ಲಿ ಹೊಸ ದುಡ್ಡು ಕಾಣಲ್ಲ. ಫೇಲ್ ಆದ ಕೇಸಿಗೆ ಮಾತ್ರ ಖಜಾನೆಯಿಂದ ಖರ್ಚು. ಉಳಿದ ದುಡ್ಡಲ್ಲಿ ಇಂಡಸ್ಟ್ರಿಯಲ್ ಏರಿಯಾ ಪಕ್ಕ, ಹಿಮ್ಸ್ ಆಸ್ಪತ್ರೆ ಹತ್ರ ಸರ್ಕಾರವೇ ಬಾಡಿಗೆಗೆ ಅಂತ ಮನೆ ಕಟ್ಲಿ, ಮಾರೋದು ಮಾತ್ರ ಬೇಡ, ಇಂಗ್ಲೆಂಡ್ ಮಾರಿ ಅನುಭವಿಸ್ತಿದೆ.

ಕೆಲಸದ ಜೊತೆಗೇ ಮನೆ ಕೊಟ್ರೆ ಸಾಕಲ್ವಾ ಅಂತ ನಮ್ಮ ಆಫೀಸಲ್ಲೇ ಒಬ್ರು ಅಂದ್ರು. ಸಕಲೇಶಪುರ, ಮೂಡಿಗೆರೆ ಕಡೆಯೋರಿಗೆ ಅದ್ರ ರುಚಿ ಗೊತ್ತು. 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯಿಂದ ತೋಟದ ಮಾಲೀಕರು ಕಾರ್ಮಿಕರಿಗೆ ಮನೆ ಕೊಡ್ಬೇಕು ಅಂತ ಆಯ್ತು, ಲೈನ್ ಮನೆಗಳು. ಬಾಡಿಗೆ ಇಲ್ಲ ನಿಜ. ಆದ್ರೆ ಸಾಹುಕಾರ್ರ ಜೊತೆ ಮಾತು ಕೆಟ್ಟಿತು ಅಂದ್ರೆ ಕೂಲಿ ಜೊತೆ ಮನೆನೂ ಹೋಯ್ತು, ತಲೆಮಾರು ಅಲ್ಲೇ ಹುಟ್ಟಿ ಬೆಳೆದ್ರೂ ವಯಸ್ಸಾಗಿ ಕೈಲಾಗದೇ ಇದ್ದಾಗ ಎಲ್ಲಿ ಹೋಗ್ಬೇಕು ಅನ್ನೋ ಪ್ರಶ್ನೆ. ನಮ್ಮ ಎಚ್‌ಆರ್‌ಎ ಕೂಡ ಒಂಥರ ಲೈನ್ ಮನೆನೇ, ಕೆಲಸ ಇರೋ ತನಕ. ಕೆಲಸವೂ ಪೇಸ್ಲಿಪ್ ಇಲ್ಲದ್ದು, ಸೈಟೂ ಇಲ್ಲ ಅನ್ನೋರು ಮಧ್ಯದಲ್ಲಿ ಬೀಳ್ತಾರೆ, ಅವರ ಬಗ್ಗೆನೇ ನಾನು ಇಷ್ಟುದ್ದ ಬರೆದಿದ್ದು.

ಓನರ್‌ಗಳು ಯಾರಾದ್ರೂ ಓದ್ತಿದ್ರೆ ನಿಮಗೊಂದು ವಿಷಯ, ಫೀಸ್ ಇಲ್ಲದೆ ಹೇಳ್ತೀನಿ. ಮನೆ ಬಾಡಿಗೆ ಆದಾಯದಲ್ಲಿ ನಿಮಗೆ ಇನ್‌ಕಮ್ ಟ್ಯಾಕ್ಸ್‌ನೋರು ಶೇ 30 ಹಾಗೇ ಬಿಡ್ತಾರೆ, ರಿಪೇರಿ ಮೇಂಟೆನೆನ್ಸ್ ಬಾಬ್ತು, ಖರ್ಚು ಮಾಡಿದೀರೋ ಇಲ್ವೋ ಒಂದು ಬಿಲ್ಲೂ ಕೇಳಲ್ಲ. ವರ್ಷಕ್ಕೆ 1 ಲಕ್ಷ ಬಾಡಿಗೆ ಬಂದ್ರೆ 30,000. ಆಮೇಲೆ ಬಾಡಿಗೆದಾರ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸಲ್ಲಿ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ತೀರಲ್ಲ, ಆ ಪೇಂಟ್ ಖರ್ಚು ಎರಡನೇ ಸಲ ಯಾವ ಲೆಕ್ಕದಲ್ಲಿ ಬರುತ್ತೆ ಅಂತ ಕಾಮೆಂಟಲ್ಲಿ ತಿಳಿಸಿ, ನಮ್ ಸಾರ್‌ನೂ ಕೇಳಿದೆ, ಅವರು ನಕ್ಕು ಸುಮ್ಮನಾದ್ರು, ಅವರದೂ ವಿದ್ಯಾನಗರದಲ್ಲಿ ಎರಡು ಮನೆ ಬಾಡಿಗೆಗಿದೆ.